ಫ್ಲ್ಯಾಟಿನ ಎಸ್‌ಟಿಪಿ ನೀರನ್ನು ಕಾಂಡ್ಲಾ ಕಾಡಿಗೆ ಬಿಡಬಹುದಾ?

ಹೊಳೆಬದಿ ಟೀಚರ್ · ಏಪ್ರಿಲ್ 19

ಎಲ್ಲರಿಗೂ ನಮಸ್ಕಾರ. 31 ವರ್ಷ ಕನ್ನಡ ಪಾಠ ಮಾಡಿ ನಿವೃತ್ತಿಯಾದವಳು ನಾನು. ಬಿಓಡಿ ಅಂದರೆ ಏನು ಅಂತ ಹೋದ ತಿಂಗಳವರೆಗೆ ಗೊತ್ತಿರಲಿಲ್ಲ. ನೀರಿನಲ್ಲಿರುವ ಕೊಳೆ ತಿನ್ನಲು ಬ್ಯಾಕ್ಟೀರಿಯಾಕ್ಕೆ ಎಷ್ಟು ಆಮ್ಲಜನಕ ಬೇಕು ಅನ್ನುವ ಅಳತೆಯಂತೆ ಅದು. ಈಗ ನಮ್ಮ ಫ್ಲ್ಯಾಟಿನ ಸಂಘಕ್ಕೆ ನನ್ನನ್ನೇ ಕಾರ್ಯದರ್ಶಿ ಮಾಡಿ ಕೂರಿಸಿದ್ದಾರೆ. ನಿವೃತ್ತಿಯಾದವರಿಗೆ ಬೇರೆ ಕೆಲಸ ಇಲ್ಲ ಅಂತ ಎಲ್ಲರ ಲೆಕ್ಕ.

ನಾವಿರುವುದು ಕುಂಬಳೆಯ ಹತ್ತಿರ, ಅಳಿವೆಯ ಬದಿಯಲ್ಲಿ. 18 ಮನೆ, ಸಣ್ಣವರು ದೊಡ್ಡವರು ಸೇರಿ ಸುಮಾರು 70 ಜನ. ಹಿಂಬದಿಯಲ್ಲಿ ಕಂಪೌಂಡ್ ಗೋಡೆ. ಗೋಡೆಯಾಚೆ ಉಪ್ಪುನೀರಿನ ತೋಡು. ತೋಡಿನಾಚೆ ಕಾಂಡ್ಲಾ, ಅಂದರೆ ಉಪ್ಪುನೀರಿನಲ್ಲಿ ಬೆಳೆಯುವ ಮ್ಯಾಂಗ್ರೋವ್ ಕಾಡು. ಉಬ್ಬರಕ್ಕೆ ತೋಡು ತುಂಬಿ ಗೋಡೆಯ ಬುಡಕ್ಕೆ ಬರುತ್ತದೆ. ಇಳಿತಕ್ಕೆ ಬರೀ ಕೆಸರು, ಏಡಿ, ಕೊಕ್ಕರೆ. ನಾನು ಈ ಮನೆ ತೆಗೆದುಕೊಂಡದ್ದೇ ಅಡುಗೆಮನೆಯ ಕಿಟಕಿಯಿಂದ ಅದು ಕಾಣುತ್ತದೆ ಅಂತ.

ಕಟ್ಟಡದ ಮೂಲೆಯಲ್ಲಿ ಕೊಳಚೆ ನೀರು ಶುದ್ಧ ಮಾಡುವ ಎಸ್‌ಟಿಪಿ ಇದೆ. ಕಟ್ಟಿಸಿದವರು ಒಂದು ಬೀಗದ ಕೈ, ಒಂದು ಇಂಗ್ಲಿಷ್ ಫೈಲು ಕೊಟ್ಟು ಹೋದರು. ತಿಂಗಳಿಗೊಮ್ಮೆ ಒಬ್ಬ ಹುಡುಗ ಬಂದು ಪುಸ್ತಕದಲ್ಲಿ ಸಹಿ ಹಾಕುತ್ತಾನೆ. ಶುದ್ಧವಾಯಿತು ಅನ್ನುವ ನೀರು ಒಂದು ಪೈಪಿನಲ್ಲಿ ತೋಡಿಗೆ ಬೀಳುತ್ತದೆ. ಬೆಳಗ್ಗೆ ಐದೂವರೆಗೆ ಕಿಟಕಿ ತೆರೆದರೆ ಕೊಳೆತ ಮೊಟ್ಟೆಯ ವಾಸನೆ. ಮಧ್ಯಾಹ್ನ ಅಷ್ಟಿಲ್ಲ. ಬಿಸುವಿನ ಮರುದಿನ ಮರುವಾಯಿ (ಕೆಸರಿನ ಚಿಪ್ಪುಜೀವಿ) ಹೆಕ್ಕಲು ಬಂದ ಇಬ್ಬರು ಹೆಂಗಸರು ಗೋಡೆಯ ಹತ್ತಿರ ನಿಂತು ನನ್ನನ್ನು ಕರೆದರು. "ಟೀಚರೇ, ನಿಮ್ಮ ನೀರು ಬೀಳುವಲ್ಲಿ ಕಾಲಿಟ್ಟರೆ ತುರಿಸುತ್ತದೆ" ಅಂದರು. ಅವರಲ್ಲೊಬ್ಬಳು ನನ್ನ ಹಳೆಯ ವಿದ್ಯಾರ್ಥಿನಿ. ಏನು ಹೇಳಬೇಕು ಅಂತ ತಿಳಿಯದೆ "ನೋಡುತ್ತೇನೆ ಮಗಾ" ಅಂದೆ.

ಸಂಘದ ಸಭೆಯಲ್ಲಿ ಇದನ್ನು ಎತ್ತಿದೆ. ಒಬ್ಬರು ಮೊಬೈಲ್ ತೆಗೆದು ವಾಟ್ಸಾಪಿನಲ್ಲಿ ಬಂದದ್ದನ್ನು ಓದಿದರು. ಜೌಗು ನೆಲ ಅಂದರೆ ಭೂಮಿಯ ಮೂತ್ರಪಿಂಡವಂತೆ, ಎಂಥ ನೀರನ್ನೂ ಸೋಸುತ್ತದಂತೆ. ಹಾಗಾದರೆ ಪೈಪನ್ನು ಇನ್ನೊಂದು 30 ಮೀಟರ್ ಎಳೆದು ಕಾಂಡ್ಲಾದ ಒಳಗೇ ಬಿಟ್ಟರೆ ಆಯಿತಲ್ಲ ಅಂದರು. ಪ್ಲಂಬರ್ ಹದಿನೆಂಟು ಸಾವಿರ ಹೇಳಿದ್ದಾನೆ. ಎಲ್ಲರೂ ಕೈ ಎತ್ತುವುದರಲ್ಲಿದ್ದರು. ನಾನು ಒಂದು ತಿಂಗಳು ಸಮಯ ಕೇಳಿ ತಡೆದಿದ್ದೇನೆ.

ನಿಜಕ್ಕೂ ಕಾಂಡ್ಲಾ ಸೋಸುತ್ತದಾ? ಅದಕ್ಕೆ ತೊಂದರೆ ಆಗುವುದಿಲ್ವಾ? ಕಂಪೌಂಡಿನ ಒಳಗೆ 20 ಮೀಟರ್ ಉದ್ದ, 4 ಮೀಟರ್ ಅಗಲದ ಒಂದು ಪಟ್ಟಿ ಜಾಗ ಇದೆ. ಈಗ ಅಲ್ಲಿ ಎರಡು ಹಳೆಯ ಸ್ಕೂಟರ್, ಒಂದು ಒಡೆದ ಟ್ಯಾಂಕಿ. ಅಲ್ಲಿ ಏನಾದರೂ ಮಾಡಬಹುದಾ? ಬಾವಿ ಆ ಪಟ್ಟಿಯಿಂದ 12 ಮೀಟರ್ ದೂರದಲ್ಲಿದೆ. ಪಂಚಾಯತಿನ ಕಾಗದ ಮಲಯಾಳದಲ್ಲಿ ಬರುತ್ತದೆ, ಫೈಲು ಇಂಗ್ಲಿಷಿನಲ್ಲಿದೆ. ಯಾರಾದರೂ ಕನ್ನಡದಲ್ಲಿ ಬಿಡಿಸಿ ಹೇಳಿದರೆ ಸಭೆಯಲ್ಲಿ ನಾನೂ ಬಾಯಿ ತೆರೆಯಬಹುದು.


ಸ್ಟೇಷನ್ ರೋಡ್ · ಏಪ್ರಿಲ್ 19

ಟೀಚರ್, ಇದಕ್ಕೆಲ್ಲ ತಲೆಬಿಸಿ ಯಾಕೆ? ಕೊಲ್ಕತ್ತಾದಲ್ಲಿ ನಗರದ ಬಹುಪಾಲು ಕೊಳಚೆ ಪೂರ್ವದ ಜೌಗಿಗೆ ಹೋಗುತ್ತದೆ. ಅದರಲ್ಲೇ ಮೀನು ಸಾಕಿ ಮಾರುತ್ತಾರೆ. 12,500 ಹೆಕ್ಟೇರ್ ಜಾಗ, 2002ರಲ್ಲಿ ಜಗತ್ತಿನ ಮುಖ್ಯ ಜೌಗುಗಳ ರಾಮ್ಸಾರ್ ಪಟ್ಟಿಗೂ ಸೇರಿದೆ. ನಿಮ್ಮದು ಬರೀ 18 ಮನೆ. ಪೈಪ್ ಹಾಕಿ ಬಿಡಿ, ಕಾಂಡ್ಲಾ ಕುಡಿದುಬಿಡುತ್ತದೆ.


ಅಬುಧಾಬಿ ಬಿಟ್ಟವ · ಏಪ್ರಿಲ್ 20

ಪೈಪ್ ಹಾಕಬೇಡಿ ಟೀಚರ್. ಸ್ವಲ್ಪ ಉದ್ದ ಬರೆಯುತ್ತೇನೆ, ಕಾಫಿ ಇಟ್ಟುಕೊಂಡು ಓದಿ.

ನಾನು 14 ವರ್ಷ ಅಬುಧಾಬಿಯಲ್ಲಿ ಕೊಳಚೆ ನೀರಿನ ಪ್ಲಾಂಟಿನಲ್ಲಿ ಆಪರೇಟರ್ ಆಗಿದ್ದೆ. ಮದುವೆ ಮಾತುಕತೆಯಲ್ಲಿ ನಮ್ಮ ಮಾವ "ಹುಡುಗ ಗಲ್ಫಿನಲ್ಲಿ ವಾಟರ್ ಕಂಪೆನಿ" ಅಂತ ಹೇಳಿದ್ದರು. ಯಾವ ವಾಟರ್ ಅಂತ ಯಾರೂ ಕೇಳಲಿಲ್ಲ. ರಜೆಯ ದಿನ ನಾವು ಕೆಲವರು ಅಲ್ ವತ್ಬಾ ಅನ್ನುವ ಕಡೆಗೆ ಹೋಗುತ್ತಿದ್ದೆವು. ಸುತ್ತ ಮರಳು, ನಡುವೆ ಕೆರೆ, ಕೆರೆ ತುಂಬ ಫ್ಲೆಮಿಂಗೊ. ಆ ಕೆರೆಗೆ ನೀರು ಬಂದದ್ದು ಶುದ್ಧೀಕರಣ ಪ್ಲಾಂಟಿನಿಂದ. ಫ್ಲೆಮಿಂಗೊ ಅಲ್ಲಿ ಗೂಡು ಕಟ್ಟಿ ಮರಿ ಮಾಡಿದ್ದು ನೋಡಿ 1998ರಲ್ಲಿ ಅದನ್ನು ರಕ್ಷಿತ ಜಾಗ ಮಾಡಿದರು. 2013ರಲ್ಲಿ ಅದೂ ರಾಮ್ಸಾರ್ ಪಟ್ಟಿಗೆ ಸೇರಿತು. ಹಾಗಾಗಿ ಜೌಗಿಗೆ ನೀರು ಬಿಡುವುದೇ ತಪ್ಪು ಅಂತ ನಾನು ಹೇಳುವುದಿಲ್ಲ. ಆದರೆ ಅಲ್ಲಿಗೆ ಬರುತ್ತಿದ್ದ ನೀರು ಮೊದಲೇ ಪ್ಲಾಂಟಿನಲ್ಲಿ ಚೆನ್ನಾಗಿ ಶುದ್ಧವಾದದ್ದು.

ಸ್ಟೇಷನ್ ರೋಡಿನವರು ಕೊಲ್ಕತ್ತಾದ ಮಾತು ಹೇಳಿದರು. ಅದು ನಿಜವೇ. ಆದರೆ ಅಲ್ಲಿರುವುದು ಕಾಂಡ್ಲಾ ಅಲ್ಲ, ಭೇರಿ ಅಂತ ಕರೆಯುವ ಆಳವಿಲ್ಲದ ಕೆರೆಗಳು. ಬಿಸಿಲು ತಳದವರೆಗೆ ಹೋಗಬೇಕು, ಪಾಚಿ ಬೆಳೆಯಬೇಕು, ಪಾಚಿಯಿಂದ ನೀರಿಗೆ ಆಮ್ಲಜನಕ ಸಿಗಬೇಕು, ಆಮೇಲೆ ಮೀನು. ಯಾವಾಗ ಎಷ್ಟು ನೀರು ಒಳಗೆ ಬಿಡಬೇಕು ಅಂತ ತೂಬು ತೆರೆದು ಮುಚ್ಚುವವರು ಅಲ್ಲಿ ತಲೆಮಾರುಗಳಿಂದ ಇದ್ದಾರೆ. ಧ್ರುಬಜ್ಯೋತಿ ಘೋಷ್ ಅನ್ನುವ ಎಂಜಿನಿಯರ್ ಅವರಿಂದ ಕೇಳಿ ಕೇಳಿ ಕಲಿತದ್ದನ್ನು ಜಗತ್ತಿಗೆ ಹೇಳಿದರು. ನಿಮ್ಮ ತೋಡಿನಲ್ಲಿ ತೂಬು ಹಿಡಿಯುವವರು ಯಾರು?

ಈಗ ಕೆಲಸ ಹೇಗೆ ನಡೆಯುತ್ತದೆ ನೋಡಿ. ಸೋಸುವುದು ಅಂದಾಗ ನಮಗೆ ಚಹಾ ಜಾಲರಿ ನೆನಪಾಗುತ್ತದೆ. ಜೌಗಿನಲ್ಲಿ ಜಾಲರಿಯ ಕೆಲಸ ಕಡಿಮೆ. ಕಲ್ಲು, ಬೇರು, ಕೆಸರಿನ ಮೇಲೆ ಒಂದು ಲೋಳೆ ಕಟ್ಟುತ್ತದೆ. ಆ ಲೋಳೆಯಲ್ಲಿರುವ ಬ್ಯಾಕ್ಟೀರಿಯಾ ಕೊಳೆಯನ್ನು ತಿನ್ನುತ್ತದೆ. ಗಿಡ ತಿನ್ನುವುದು ಸ್ವಲ್ಪವೇ. ಗಿಡ ಮಾಡುವ ದೊಡ್ಡ ಉಪಕಾರ ಅಂದರೆ ಆ ಲೋಳೆಗೆ ಮನೆ ಕೊಡುವುದು, ಉದುರಿದ ಎಲೆಯಿಂದ ಊಟ ಕೊಡುವುದು.

ಸಾರಜನಕದ ಕಥೆ ಸ್ವಲ್ಪ ಬೇರೆ. ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲೇ ಉಂಟು. ಮೂತ್ರದಿಂದ ಬಂದ ಸಾರಜನಕ ನೀರಿನಲ್ಲಿ ಮೊದಲು ಅಮೋನಿಯಾ ಆಗಿರುತ್ತದೆ. ಗಾಳಿ ಸಿಕ್ಕಿದರೆ ಒಂದು ಜಾತಿಯ ಬ್ಯಾಕ್ಟೀರಿಯಾ ಅದನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೇಟ್ ಗಾಳಿ ಇಲ್ಲದ ಕೆಸರಿಗೆ ಇಳಿದರೆ ಇನ್ನೊಂದು ಜಾತಿ ಅದರಲ್ಲಿರುವ ಆಮ್ಲಜನಕವನ್ನು ಉಸಿರಾಡಿ, ಸಾರಜನಕವನ್ನು ಗಾಳಿಗೆ ಬಿಟ್ಟುಬಿಡುತ್ತದೆ. ಅಲ್ಲಿಗೆ ಲೆಕ್ಕ ಚುಕ್ತಾ. ಆದರೆ ಮೊದಲ ಹೆಜ್ಜೆಗೆ ಗಾಳಿ ಬೇಕೇ ಬೇಕು. ಜೌಗಿನ ಕೆಸರಿನಲ್ಲಿ ಗಾಳಿ ಎಲ್ಲಿಂದ? ಅದನ್ನು ಎಸ್‌ಟಿಪಿಯಲ್ಲಿ ಗಾಳಿ ಊದುವ ಬ್ಲೋವರ್ ಮಾಡಬೇಕು. ಎಸ್‌ಟಿಪಿ ತನ್ನ ಕೆಲಸ ಮಾಡದೆ ಅಮೋನಿಯಾವನ್ನೇ ಕಳಿಸಿದರೆ ಕೆಸರು ಅದನ್ನು ಹಾಗೇ ಮುಂದಕ್ಕೆ ದಾಟಿಸುತ್ತದೆ.

ಇನ್ನೊಂದು ವಿಷಯ. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಕರೆಯಲ್ಲಿ ಓರೊ ಲೋಮಾ ಅಂತ ಒಂದು ಕಡೆ ಇಳಿಜಾರಿನ ಅಗಲ ದಂಡೆ ಕಟ್ಟಿ, ಗಿಡ ನೆಟ್ಟು, ಶುದ್ಧ ಮಾಡಿದ ನೀರನ್ನು ಅದರೊಳಗೆ ಹರಿಸಿ ನೋಡಿದರು. ಮಣ್ಣಿನ ಅಡಿಯಲ್ಲಿ ಬೇರುಗಳ ನಡುವೆ ಹೋದ ನೀರಿನಲ್ಲಿ ನೈಟ್ರೇಟ್ ಹೆಚ್ಚುಕಡಿಮೆ ಪೂರ್ತಿ ಹೋಯಿತು. ಔಷಧಿಯ ಅಂಶವೂ ಬಹಳ ಇಳಿಯಿತು. ಮೇಲಿಂದ ಮೇಲೆ ಹರಿದ ನೀರಿನಲ್ಲಿ ಅಷ್ಟು ಫಲ ಸಿಗಲಿಲ್ಲ. ನೀವು ಪೈಪನ್ನು ಕಾಂಡ್ಲಾದ ಒಳಗೆ ಬಿಟ್ಟರೆ ಏನಾಗುತ್ತದೆ? ನಾಲ್ಕು ದಿನದಲ್ಲಿ ನೀರು ಒಂದು ಸಣ್ಣ ಚರಂಡಿ ಕೊರೆದುಕೊಂಡು ಇಳಿತದ ಹೊತ್ತಿಗೆ ಸೀದಾ ತೋಡಿಗೇ ಬರುತ್ತದೆ. ಕುಡಿಯುವುದು ಎಲ್ಲಿಂದ ಬಂತು, ಅದರ ಕಾಲಬುಡದಲ್ಲೇ ಓಡಿಹೋಗುತ್ತದೆ.

ಕಾಂಡ್ಲಾಕ್ಕೂ ಅದು ಒಳ್ಳೆಯದಲ್ಲ. ಗೊಬ್ಬರದ ಅಂಶ ಜಾಸ್ತಿ ಸಿಕ್ಕಿದರೆ ಅದು ಎಲೆ ಕೊಂಬೆ ಸೊಕ್ಕಿ ಬೆಳೆಸುತ್ತದೆ, ಬೇರಿಗೆ ಅಷ್ಟು ಗಮನ ಕೊಡುವುದಿಲ್ಲ. ನೋಡಲು ಚಂದ ಹಸಿರು. ಮಳೆ ಕೈಕೊಟ್ಟು ಉಪ್ಪು ಏರಿದ ವರ್ಷ ಅಂಥ ಮರಗಳೇ ಮೊದಲು ಒಣಗುತ್ತವೆ. ಕಾನೂನೂ ಉಂಟು. 2019ರ ಕರಾವಳಿ ನಿಯಂತ್ರಣ ಅಧಿಸೂಚನೆಯ ಪ್ರಕಾರ ಕಾಂಡ್ಲಾ ಅತಿ ಸೂಕ್ಷ್ಮ ವಲಯ. ಸಾವಿರ ಚದರ ಮೀಟರಿಗಿಂತ ಜಾಸ್ತಿ ಹಬ್ಬಿದ್ದರೆ ಸುತ್ತ 50 ಮೀಟರ್ ಬಿಡಬೇಕು. ಪ್ಲಂಬರಿಗೆ ಇದು ಗೊತ್ತಿರುವುದಿಲ್ಲ.

ನಿಮ್ಮ ಪಟ್ಟಿ ಜಾಗದ ಬಗ್ಗೆ ಆಮೇಲೆ ಹೇಳುತ್ತೇನೆ. ಮೊದಲು ಮೂರು ವಿಷಯ ನೋಡಿ ತಿಳಿಸಿ. ಬ್ಲೋವರ್ ದಿನಕ್ಕೆ ಎಷ್ಟು ಗಂಟೆ ಓಡುತ್ತದೆ? ವಾಸನೆ ಬಂದಾಗ ಯಾರಾದರೂ ಬ್ಲೀಚಿಂಗ್ ಪೌಡರ್ ಸುರಿಯುತ್ತಾರಾ? ತಾರಸಿಯ ಮಳೆನೀರಿನ ಪೈಪ್ ಎಸ್‌ಟಿಪಿಗೆ ಸೇರಿದೆಯಾ? ಹುಡುಗನನ್ನು ಕೇಳಬೇಡಿ, ನೀವೇ ಹೋಗಿ ನೋಡಿ.


ಅಳಿವೆ ಬಾಯಿ · ಏಪ್ರಿಲ್ 21

ನಾನು ಆ ತೋಡಿನ ಆಚೆ ಬದಿಯವನು. ನನ್ನ ಅಮ್ಮ 40 ವರ್ಷದಿಂದ ಅಲ್ಲೇ ಮರುವಾಯಿ ಹೆಕ್ಕುವುದು. ಕೆಲವು ಮಾತು ಹೇಳಲೇಬೇಕು, ಬೇಜಾರು ಮಾಡಬೇಡಿ.

ಮರುವಾಯಿ ಬಾಯಿ ತೆರೆದು ನೀರು ಎಳೆದುಕೊಂಡು, ಅದರಲ್ಲಿ ಇರುವುದನ್ನು ಸೋಸಿ ತಿಂದು ಬದುಕುವ ಜೀವ. ನೀರಿನಲ್ಲಿ ರೋಗಾಣು ಸ್ವಲ್ಪ ಇದ್ದರೂ ಅದರ ಹೊಟ್ಟೆಯಲ್ಲಿ ಜಾಸ್ತಿಯಾಗಿ ಸೇರುತ್ತದೆ. ಕಾಮಾಲೆ ಬರುವುದು ಹೀಗೂ ಉಂಟು. ನಮ್ಮಲ್ಲಿ ಚಿಪ್ಪು ಬಾಯಿ ಬಿಟ್ಟ ಕೂಡಲೇ ಬೆಂಕಿಯಿಂದ ಇಳಿಸುತ್ತಾರೆ, ಇಲ್ಲದಿದ್ದರೆ ರಬ್ಬರಿನ ಹಾಗೆ ಆಗುತ್ತದೆ ಅಂತ. ಅಷ್ಟು ಬಿಸಿ ಎಲ್ಲದಕ್ಕೂ ಸಾಕಾಗುವುದಿಲ್ಲ.

ಈಗ ಅಮ್ಮ ನಿಮ್ಮ ಪೈಪಿನಿಂದ ಮೇಲಕ್ಕೆ ಹೋಗಿ ಹೆಕ್ಕುತ್ತಾಳೆ. ಪೈಪನ್ನು ಕಾಂಡ್ಲಾಕ್ಕೆ ಎಳೆದರೆ ಆ ಜಾಗವೂ ಹೋಯಿತು. ಸಿಗಡಿ ಮರಿ, ಏಡಿ ಮರಿ ಎಲ್ಲ ಇರುವುದು ಆ ಬೇರುಗಳ ಸಂದಿಯಲ್ಲೇ. ನೀವೆಲ್ಲ ಮೂರನೇ ಮಹಡಿಯಿಂದ ನೋಡುವುದು ಹಸಿರು. ನಾವು ಮೊಣಕಾಲುವರೆಗೆ ಇಳಿಯುವುದು.

ಟೀಚರ್ ಒಬ್ಬರಾದರೂ ಕೇಳಿದರಲ್ಲ, ಅದು ಸಂತೋಷ.


ಹೊಳೆಬದಿ ಟೀಚರ್ · ಏಪ್ರಿಲ್ 24

ಹೋಗಿ ನೋಡಿದೆ. ಮೂರಕ್ಕೂ ಫೇಲ್.

ಬ್ಲೋವರ್ ರಾತ್ರಿ ಹತ್ತಕ್ಕೆ ನಿಲ್ಲುತ್ತದೆ, ಬೆಳಗ್ಗೆ ಐದಕ್ಕೆ ಶುರು. ಹಿಂದಿನ ಸಮಿತಿ ಕರೆಂಟ್ ಉಳಿಸಲು ಮಾಡಿದ ಏರ್ಪಾಡಂತೆ. ತಿಂಗಳಿಗೆ ಎರಡು ಸಾವಿರ ಉಳಿಯುತ್ತದೆ. ಅದನ್ನು ವಾರ್ಷಿಕ ಲೆಕ್ಕದಲ್ಲಿ ಓದಿದಾಗ ನಾನೂ ಚಪ್ಪಾಳೆ ಹೊಡೆದವಳೇ. ವಾಚ್‌ಮನ್ ವಾಸನೆ ಬಂದ ದಿನ ಎರಡು ಹಿಡಿ ಬ್ಲೀಚಿಂಗ್ ಹಾಕುತ್ತಾನೆ. ಹೆಂಗಸರ ಕಾಲು ತುರಿಸಿದ್ದು ಅದರಿಂದಲೇ ಇರಬೇಕು. ತಾರಸಿಯ ನಾಲ್ಕು ಪೈಪುಗಳಲ್ಲಿ ಎರಡು ಎಸ್‌ಟಿಪಿಯ ಗುಂಡಿಗೇ ಬಂದು ಸೇರುತ್ತವೆ.

ಅಳಿವೆ ಬಾಯಿಯವರೇ, ನೀವು ಬರೆದದ್ದನ್ನು ಎರಡು ಸಲ ಓದಿದೆ. ಬೇಜಾರಿಲ್ಲ. ನಾಚಿಕೆ ಆಯಿತು.


ಅಬುಧಾಬಿ ಬಿಟ್ಟವ · ಏಪ್ರಿಲ್ 24

ನಾನು ಊಹಿಸಿದ್ದೇ ಆಯಿತು. ಐದೂವರೆಗೆ ವಾಸನೆ, ಮಧ್ಯಾಹ್ನ ಇಲ್ಲ ಅಂದಾಗಲೇ ಅನುಮಾನ ಬಂದಿತ್ತು. ಟ್ಯಾಂಕಿನೊಳಗೆ ಇರುವುದು ಜೀವ. ರಾತ್ರಿ ಏಳು ಗಂಟೆ ಉಸಿರು ಕಟ್ಟಿಸಿ, ಬೆಳಗ್ಗೆ ಕೆಲಸ ಮಾಡು ಅಂದರೆ ಹೇಗೆ? ಅಮೋನಿಯಾ ತಿನ್ನುವ ಜಾತಿ ಬಹಳ ನಿಧಾನ ಬೆಳೆಯುವುದು, ಅದಕ್ಕೆ ಪೆಟ್ಟು ಜಾಸ್ತಿ. ಮೇಲಿಂದ ಬ್ಲೀಚಿಂಗ್ ಬೇರೆ. ಅದು ಒಳ್ಳೆಯ ಬ್ಯಾಕ್ಟೀರಿಯಾ, ತೋಡಿನ ಮೀನುಮರಿ, ಯಾವುದನ್ನೂ ಬಿಡುವುದಿಲ್ಲ.

ಒಂದು ಪರೀಕ್ಷೆ ಹೇಳುತ್ತೇನೆ. ಗಾಳಿ ಗುಳುಗುಳು ಬರುವ ಟ್ಯಾಂಕಿನಿಂದ ಒಂದು ಲೀಟರ್ ನೀರನ್ನು ಗಾಜಿನ ಉದ್ದ ಪಾತ್ರೆಯಲ್ಲಿ ತುಂಬಿ, ಅಲುಗಾಡಿಸದೆ 30 ನಿಮಿಷ ಇಡಿ. ಕಾಫಿ ಬಣ್ಣದ ಗಸಿ ಕೆಳಗೆ ಕೂತು ಮೇಲಿನ ನೀರು ತಿಳಿಯಾದರೆ, ಮಳೆ ಬಿದ್ದ ಮಣ್ಣಿನ ವಾಸನೆ ಬಂದರೆ ಒಳ್ಳೆಯದು. ಕಪ್ಪಾಗಿದ್ದರೆ, ಮೇಲಿನ ನೀರು ಕದಡಿಯೇ ಉಳಿದರೆ, ಮೊಟ್ಟೆ ವಾಸನೆ ಬಂದರೆ ಕಾಯಿಲೆ. ಗಸಿ 200ರಿಂದ 400 ಮಿಲಿಲೀಟರ್ ಗೆರೆಯ ನಡುವೆ ನಿಂತರೆ ಸಾಮಾನ್ಯವಾಗಿ ಸರಿ. 14 ವರ್ಷ ನಾನು ದಿನಾ ಮೊದಲು ಮಾಡುತ್ತಿದ್ದದ್ದು ಇದನ್ನೇ. ಕಂಪ್ಯೂಟರ್ ಪರದೆ ಆಮೇಲೆ. ಕೈಗೆ ಗ್ಲೌಸ್ ಹಾಕಿಕೊಳ್ಳಿ, ಆ ಬಾಟ್ಲಿ ಮತ್ತೆ ಅಡುಗೆಮನೆಗೆ ಹೋಗಬಾರದು.

ಬ್ಲೋವರ್ 24 ಗಂಟೆ ಓಡಿಸಿ. ಬ್ಲೀಚಿಂಗ್ ಡಬ್ಬಿಗೆ ಬೀಗ ಹಾಕಿ. ಮೂರು ವಾರ ಕಾಯಿರಿ. ಆಮೇಲೆ ಲ್ಯಾಬಿಗೆ ಕೊಡಿ. 2017ರ ಕೇಂದ್ರದ ಅಧಿಸೂಚನೆಯಲ್ಲಿ ಮಹಾನಗರ ಅಲ್ಲದ ಊರುಗಳಿಗೆ ಬಿಓಡಿ ಲೀಟರಿಗೆ 30 ಮಿಲಿಗ್ರಾಂ ದಾಟಬಾರದು, ಮಲದಿಂದ ಬರುವ ಕೋಲಿಫಾರ್ಮ್ ಬ್ಯಾಕ್ಟೀರಿಯಾ 100 ಮಿಲಿಲೀಟರಿಗೆ ಸಾವಿರದ ಒಳಗಿರಬೇಕು ಅಂತ ಇದೆ.

ಈಗ ಪಟ್ಟಿ ಜಾಗ. ಒಬ್ಬರಿಗೆ ದಿನಕ್ಕೆ 135 ಲೀಟರ್ ಅಂತ ಹಿಡಿದರೆ, ಅದರಲ್ಲಿ ನೂರಕ್ಕೆ 80 ಪಾಲು ಕೊಳಚೆಯಾಗಿ ಬರುತ್ತದೆ ಅನ್ನುವುದು ಎಂಜಿನಿಯರುಗಳ ಲೆಕ್ಕ. 70 ಜನಕ್ಕೆ ಸುಮಾರು 7,500 ಲೀಟರ್. ಎಸ್‌ಟಿಪಿ ದಾಟಿದ ನೀರಿಗೆ ನಮ್ಮಂಥ ಬಿಸಿ ಊರಿನಲ್ಲಿ ಒಬ್ಬರಿಗೆ ಒಂದು ಚದರ ಮೀಟರ್ ಜಲ್ಲಿ ಹಾಸಿಗೆ, ಅಂದರೆ ಜಲ್ಲಿ ತುಂಬಿ ಗಿಡ ನೆಟ್ಟು ಒಳಗೆ ನೀರು ಹರಿಸುವ ತೊಟ್ಟಿ, ಸಾಕು. ನಿಮ್ಮಲ್ಲಿ 80 ಉಂಟು. 60 ಸೆಂಟಿಮೀಟರ್ ಆಳ ನೀರು ನಿಲ್ಲುವ ಹಾಗೆ ಜಲ್ಲಿ ತುಂಬಿದರೆ, ಕಲ್ಲಿನ ಸಂದಿಯಲ್ಲಿ ನೀರಿಗೆ ಸಿಗುವ ಜಾಗ ನೂರಕ್ಕೆ 40. ಅಂದರೆ 19 ಸಾವಿರ ಲೀಟರ್. ನೀರು ಎರಡೂವರೆ ದಿನ ಒಳಗೆ ಇರುತ್ತದೆ. ನೀರಿನ ಮಟ್ಟ ಜಲ್ಲಿಯ ಮೇಲ್ಮೈಯಿಂದ ನಾಲ್ಕು ಬೆರಳು ಕೆಳಗೇ ಇರಬೇಕು. ಆಗ ಸೊಳ್ಳೆಗೆ ಮೊಟ್ಟೆ ಇಡಲು ನೀರೇ ಕಾಣುವುದಿಲ್ಲ. ಸಭೆಯಲ್ಲಿ ಮೊದಲ ಪ್ರಶ್ನೆ ಸೊಳ್ಳೆಯದೇ ಬರುತ್ತದೆ, ಉತ್ತರ ಇಟ್ಟುಕೊಳ್ಳಿ.

ಅಡಿಗೆ ನೀರು ಇಳಿಯದ ದಪ್ಪ ಸಿಲ್ಪಾಲಿನ್ ಪ್ಲಾಸ್ಟಿಕ್ ಹಾಳೆ ಹಾಕದೆ ಮಾಡಬೇಡಿ. ಹೊಯಿಗೆ ನೆಲ, 12 ಮೀಟರಿನಲ್ಲಿ ಬಾವಿ. ಹೊರಹೋಗುವ ಪೈಪ್ ದೊಡ್ಡ ಉಬ್ಬರದ ನೀರಿನ ಗೆರೆಗಿಂತ ಮೇಲೆ ಇರಲಿ. ಇಲ್ಲದಿದ್ದರೆ ಉಪ್ಪುನೀರು ಹಿಂದೆ ಏರಿ ಗಿಡ ಸುಟ್ಟುಹೋಗುತ್ತದೆ.

ಮಳೆಯ ಲೆಕ್ಕವನ್ನೂ ಮರೆಯಬೇಡಿ. ಆಟಿ ತಿಂಗಳ ಜೋರು ಮಳೆಯಲ್ಲಿ ಒಂದೇ ದಿನ ನೂರು ಮಿಲಿಮೀಟರ್ ಬಿದ್ದರೆ 80 ಚದರ ಮೀಟರ್ ಹಾಸಿಗೆಯ ಮೇಲೆ 8,000 ಲೀಟರ್ ಬಿತ್ತು. ಅದು ನಿಮ್ಮ ಒಂದು ದಿನದ ಕೊಳಚೆಗಿಂತ ಜಾಸ್ತಿ. ತಾರಸಿ 400 ಚದರ ಮೀಟರ್ ಇದ್ದರೆ ಅಲ್ಲಿಂದಲೇ 40 ಸಾವಿರ ಲೀಟರ್. ಅದರಲ್ಲಿ ಅರ್ಧ ನಿಮ್ಮ ಎಸ್‌ಟಿಪಿಗೆ ನುಗ್ಗಿದರೆ ಒಳಗಿನ ಗಸಿಯೆಲ್ಲ ತೊಳೆದು ತೋಡಿಗೆ. ಪ್ರತಿ ಮಳೆಗಾಲ ನಿಮ್ಮಲ್ಲಿ ಇದೇ ಆಗಿದೆ ಅಂತ ನನಗನ್ನಿಸುತ್ತದೆ. ಮೊದಲು ಆ ಎರಡು ಪೈಪ್ ಕತ್ತರಿಸಿ.

ಅಳಿವೆ ಬಾಯಿಯವರಿಗೆ ಒಂದು ಮಾತು. ಕ್ಯಾಲಿಫೋರ್ನಿಯಾದಲ್ಲಿ ಆರ್ಕೇಟಾ ಅಂತ ಒಂದು ಸಣ್ಣ ಪಟ್ಟಣ ಇದೆ, ಹಂಬೋಲ್ಟ್ ಕೊಲ್ಲಿಯ ದಂಡೆಯಲ್ಲಿ. ದೊಡ್ಡ ಪ್ಲಾಂಟಿಗೆ ನಿಮ್ಮ ಪೈಪನ್ನೂ ಸೇರಿಸಿ ಅಂತ ಸರಕಾರ ಹೇಳಿದಾಗ ಊರವರು ಒಪ್ಪಲಿಲ್ಲ. ಅಲ್ಲಿನ ವಿಶ್ವವಿದ್ಯಾನಿಲಯದ ಜಾರ್ಜ್ ಅಲೆನ್, ರಾಬರ್ಟ್ ಗೇರ್‌ಹಾರ್ಟ್ ಅವರ ಜತೆ ನಿಂತರು. 1979ರಲ್ಲಿ ಸಣ್ಣ ಮಡಿಗಳಲ್ಲಿ ಪ್ರಯೋಗ, 1986ರಲ್ಲಿ ಪೂರ್ತಿ ಜೌಗು. ಆದರೆ ಅವರು ಇದ್ದ ಜೌಗಿಗೆ ಕೊಳಚೆ ಬಿಟ್ಟದ್ದಲ್ಲ. ಹಾಳುಬಿದ್ದ ದಂಡೆಯಲ್ಲಿ ಹೊಸ ಜೌಗು ಕಟ್ಟಿದರು. ಗಸಿ ಕೂರಿಸುವ ತೊಟ್ಟಿ, ಬಿಸಿಲಿನ ಕೆರೆ, ಜೌಗು, ಮತ್ತೊಂದು ಜೌಗು, ನಡುವೆ ರೋಗಾಣು ಕೊಲ್ಲುವ ಹಂತ, ಆಮೇಲೆ ಕೊಲ್ಲಿ. ಅಷ್ಟು ಜಾಗ್ರತೆ ಯಾಕೆ ಅಂದರೆ ಆ ಕೊಲ್ಲಿಯಲ್ಲೂ ನಿಮ್ಮ ಅಮ್ಮನಂಥವರು ಇದ್ದಾರೆ. ಅಲ್ಲಿ ಆಯ್‌ಸ್ಟರ್ ಬೆಳೆಯುತ್ತಾರೆ.


ಬದಿಯಡ್ಕ ತೋಟ · ಏಪ್ರಿಲ್ 26

ಎಲ್ಲರೂ ನೀರನ್ನು ಹೊಳೆಗೆ ಕಳಿಸುವುದು ಹೇಗೆ ಅಂತಲೇ ನೋಡುತ್ತಿದ್ದೀರಿ. ಏಪ್ರಿಲಿನಲ್ಲಿ ನಮ್ಮಲ್ಲಿ ಗುಡ್ಡ ಕೊರೆದು ಮಾಡಿದ ಸುರಂಗದ ನೀರು ಬೆರಳಿನಷ್ಟು ದಪ್ಪಕ್ಕೆ ಬರುತ್ತದೆ. ನಿಮ್ಮ 7,500 ಲೀಟರ್ ಕೇಳಿಯೇ ಹೊಟ್ಟೆ ಉರಿಯಿತು.

ತೆಂಗಿಗೆ ಬೇಸಿಗೆಯಲ್ಲಿ ನಾಲ್ಕು ದಿನಕ್ಕೊಮ್ಮೆ 200 ಲೀಟರ್ ಬುಡಕ್ಕೆ ಕೊಡುವುದು ವಾಡಿಕೆ. ಅಂದರೆ ದಿನಕ್ಕೆ ಮರಕ್ಕೆ 50. ಹತ್ತಿರದಲ್ಲಿ ತೆಂಗಿನ ತೋಟ ಇಲ್ವಾ? ಡಿಸೆಂಬರಿನಿಂದ ಮೇವರೆಗೆ ಅಲ್ಲಿಗೆ ಕೊಡಿ. ಹೊಳೆ ಬತ್ತಿ, ತೋಡಿನಲ್ಲಿ ನೀರು ಓಡಾಡದೆ ನಿಲ್ಲುವ ಕಾಲವೂ ಅದೇ. ಬುಡಕ್ಕೆ ಮಾತ್ರ ಬಿಡಬೇಕು, ತರಕಾರಿಗೆ ಬೇಡ, ಬಾವಿಯ ಬದಿಯ ಮರಗಳಿಗೂ ಬೇಡ.

ಇನ್ನೊಂದು. ಸಾರಜನಕವಾದರೆ ಗಾಳಿಗೆ ಹೋಗುತ್ತದೆ. ರಂಜಕ ಎಲ್ಲಿಗೂ ಹೋಗುವುದಿಲ್ಲ, ಎಲ್ಲಾದರೂ ಹಿಡಿದೇ ಇಡಬೇಕು. ನಮ್ಮ ಮುರಕಲ್ಲು ಅನ್ನುವ ಕೆಂಪು ಕಲ್ಲಿನಲ್ಲಿ ಕಬ್ಬಿಣ, ಅಲ್ಯುಮಿನಿಯಂ ತುಂಬ ಇದೆ. ರಂಜಕ ಅದಕ್ಕೆ ಅಂಟಿಕೊಳ್ಳುತ್ತದೆ. ತೋಟದಲ್ಲಿ ನಮಗೆ ಅದೇ ತಲೆನೋವು, ಹಾಕಿದ ಗೊಬ್ಬರವನ್ನು ಕೆಂಪು ಮಣ್ಣು ಹಿಡಿದು ಕೂರುತ್ತದೆ. ನಿಮಗೆ ಅದೇ ಉಪಕಾರ ಆಗಬಹುದು. ಆದರೆ ಹಾಸಿಗೆ ಪೂರ್ತಿ ಮುರಕಲ್ಲು ಹಾಕಬೇಡಿ, ಹುಡಿಯಾಗಿ ಸಂದಿ ಕಟ್ಟುತ್ತದೆ. ಹಾಸಿಗೆಗೆ ಕಪ್ಪು ಜಲ್ಲಿ. ಕೊನೆಯಲ್ಲಿ ಒಂದು ಸಣ್ಣ ತೊಟ್ಟಿ, ಅದರಲ್ಲಿ ಮುರಕಲ್ಲಿನ ಚೂರು. ಹೀರಿ ಹೀರಿ ಸಾಕಾದ ಮೇಲೆ ತೆಗೆದು ತೆಂಗಿನ ಬುಡಕ್ಕೆ ಹಾಕಿ, ಹೊಸದು ತುಂಬಿಸಿ.


ಹೊಳೆಬದಿ ಟೀಚರ್ · ಮೇ 25

ಒಂದು ತಿಂಗಳು ಸುಮ್ನೆ ಇದ್ದೆ ಅಂದುಕೊಳ್ಳಬೇಡಿ.

ಏಪ್ರಿಲ್ 25ಕ್ಕೆ ಮೊದಲ ಬಾಟ್ಲಿ. ಹಳೆಯ ಹಾರ್ಲಿಕ್ಸ್ ಬಾಟ್ಲಿಗೆ ಸ್ಕೇಲ್ ಇಟ್ಟು ಗೆರೆ ಹಾಕಿಕೊಂಡೆ. ಕಪ್ಪು ಶಾಯಿಯ ಹಾಗೆ ಇತ್ತು. ಅರ್ಧ ಗಂಟೆ ಅಲ್ಲ, ಒಂದು ಗಂಟೆ ಕಾದರೂ ತಿಳಿಯಾಗಲಿಲ್ಲ. ಫೋಟೋ ತೆಗೆದು ಸಂಘದ ಗುಂಪಿನಲ್ಲಿ ಹಾಕಿದೆ. ಯಾರೂ ಏನೂ ಅನ್ನಲಿಲ್ಲ. ಮರುದಿನವೂ ಹಾಕಿದೆ. ಮೂರನೇ ದಿನ ಖಜಾಂಚಿ ಫೋನ್ ಮಾಡಿ "ಟೀಚರ್, ಬೆಳಗ್ಗೆ ತಿಂಡಿ ತಿನ್ನುವ ಹೊತ್ತಿಗೆ ಹಾಕಬೇಡಿ" ಅಂದರು. ಹಾಗಾದರೆ ಬ್ಲೋವರ್ ರಾತ್ರಿಯೂ ಓಡಲಿ ಅಂದೆ. ಒಪ್ಪಿದರು. ಪಾಠ ಮಾಡುವಾಗಲೂ ನನಗೆ ಇದೇ ಅನುಭವ. ಬೈದರೆ ಏನೂ ಆಗುವುದಿಲ್ಲ. ದಿನಾ ತೋರಿಸಿದರೆ ಆಗುತ್ತದೆ.

ಹತ್ತನೇ ದಿನ ಕಂದು ಬಣ್ಣ ಬಂತು. ಮೇ 14ಕ್ಕೆ ಗಸಿ 280ರ ಗೆರೆಗೆ ನಿಂತಿತು, ಮೇಲಿನ ನೀರಿನ ಮೂಲಕ ಆಚೆಯ ಗೋಡೆ ಕಾಣಿಸಿತು. ನನ್ನಷ್ಟಕ್ಕೇ ನಕ್ಕುಬಿಟ್ಟೆ. ಕೊಳಚೆ ನೀರು ನೋಡಿ ನಗುವ ಕಾಲ ಬಂತು. ಲ್ಯಾಬಿನಲ್ಲಿ ಬಿಓಡಿ 21 ಬಂದಿದೆ. ಶುರುವಿಗೆ ಕೊಟ್ಟಾಗ 64 ಇತ್ತು. ಕೋಲಿಫಾರ್ಮ್ ಮಾತ್ರ ಇನ್ನೂ ಮಿತಿಗಿಂತ ಜಾಸ್ತಿ. ಅಳಿವೆ ಬಾಯಿಯವರೇ, ಅಮ್ಮನಿಗೆ ಹೇಳಿ, ಪೈಪಿನ ಹತ್ತಿರ ಈಗಲೇ ಬರಬೇಡಿ ಅಂತ. ಗೋಡೆಯ ಮೇಲೆ ಮೂರು ಭಾಷೆಯಲ್ಲಿ ಬೋರ್ಡು ಬರೆಸಿದ್ದೇನೆ.

ತಾರಸಿಯ ಎರಡು ಪೈಪ್ ಕತ್ತರಿಸಿ ಇಂಗುಗುಂಡಿಗೆ ತಿರುಗಿಸಿದ್ದಾಯಿತು. ಹದಿನೆಂಟು ಸಾವಿರದಲ್ಲಿ ಹನ್ನೊಂದು ಅದಕ್ಕೆ ಹೋಯಿತು. ಪಕ್ಕದ ಮನೆಯವರಲ್ಲಿ 30 ತೆಂಗಿನ ಮರ ಇದೆ. ಅಂದರೆ ದಿನಕ್ಕೆ 1,500 ಲೀಟರ್. ಉಳಿದ 6,000 ಲೀಟರಿಗೆ ಬದಿಯಡ್ಕದವರೇ ಪೈಪ್ ಎಳೆಯಬೇಕಷ್ಟೆ. ಆದರೂ ಬರುವ ಡಿಸೆಂಬರಿನಿಂದ ಕೊಡುವುದು ಅಂತ ಮಾತಾಗಿದೆ.

ಹಾಸಿಗೆಯ ಕೆಲಸ ಇನ್ನೂ ಆಗಿಲ್ಲ. ನೆಲ ಎರಡು ಅಡಿ ಅಗೆಸಿ ನೋಡಿದೆ. ನೀರು ಬಂತು, ಉಪ್ಪು. ಹಾಗಾಗಿ ಕೆಳಗೆ ಅಗೆಯದೆ ಮುರಕಲ್ಲಿನ ಗೋಡೆ ಎಬ್ಬಿಸಿ ನೆಲದ ಮೇಲೆಯೇ ಕಟ್ಟಬೇಕು. ನೀರು ಎತ್ತಲು ಸಣ್ಣ ಪಂಪ್ ಬೇಕು. ಕಾಂಡ್ಲಾ ನಮ್ಮ ಗೋಡೆಯಿಂದ 50 ಮೀಟರಿನ ಒಳಗೇ ಇರುವುದರಿಂದ ಕಟ್ಟುವ ಮೊದಲು ಪಂಚಾಯತಿಗೆ ಅರ್ಜಿ ಕೊಟ್ಟಿದ್ದೇನೆ. ಕನ್ನಡದಲ್ಲಿಯೇ ಬರೆದೆ. ಇಲ್ಲಿ ನಮಗೆ ಆ ಹಕ್ಕು ಇದೆ, ಬಳಸದಿದ್ದರೆ ತುಕ್ಕು ಹಿಡಿಯುತ್ತದೆ. ಮಳೆಗಾಲ ಕಳೆಯದೆ ಉತ್ತರ ಬರಲಿಕ್ಕಿಲ್ಲ.

ಅಲ್ಲಿಯವರೆಗೆ ತಾರಸಿಯಲ್ಲಿ ನಾಲ್ಕು ಪೈಂಟ್ ಬಕೆಟ್ ಇಟ್ಟು ಜಲ್ಲಿ ತುಂಬಿಸಿ ಪ್ರಯೋಗ ಮಾಡೋಣ ಅಂತಿದ್ದೇನೆ. ಒಂದರಲ್ಲಿ ಗಿಡ ಇಲ್ಲದೆ, ಒಂದರಲ್ಲಿ ಜೊಂಡು, ಎರಡರಲ್ಲಿ ಕಾಬಾಳೆ. ಮೂರನೇ ಮಹಡಿಯ ಮಕ್ಕಳು ದಿನಾ ನೀರು ಹೊಯ್ಯಲು ಒಪ್ಪಿದ್ದಾರೆ. ಜೊಂಡು ತೋಡಿನ ಮೇಲ್ಗಡೆ, ಸಿಹಿನೀರು ಇರುವಲ್ಲಿ ಸಿಗುತ್ತದೆ. ಕಾಬಾಳೆ ಗೆಡ್ಡೆ ಯಾರಲ್ಲಾದರೂ ಇದೆಯಾ? ನರ್ಸರಿಯಲ್ಲಿ ಒಂದಕ್ಕೆ ಅರುವತ್ತು ರೂಪಾಯಿ ಹೇಳುತ್ತಾರೆ.


ಅಬುಧಾಬಿ ಬಿಟ್ಟವ · ಮೇ 25

280! ಶಹಭಾಸ್ ಟೀಚರ್. ಆದರೆ ಗಸಿ ಹೀಗೇ ಏರುತ್ತಾ ಹೋಗುತ್ತದೆ, 400 ದಾಟುವ ಮೊದಲು ಹೆಚ್ಚಾದದ್ದನ್ನು ತೆಗೆಸಿ. ಗಿಡ ಇಲ್ಲದ ಬಕೆಟ್ ಇಟ್ಟದ್ದು ಒಳ್ಳೆಯದಾಯಿತು. ಅದೂ ಅರ್ಧಕ್ಕಿಂತ ಜಾಸ್ತಿ ಕೆಲಸ ಮಾಡುವುದನ್ನು ನೋಡಿ ಮಕ್ಕಳಿಗೆ ಆಶ್ಚರ್ಯ ಆಗುತ್ತದೆ.


ಬದಿಯಡ್ಕ ತೋಟ · ಮೇ 26

ಕಾಬಾಳೆಗೆ ದುಡ್ಡು ಕೊಡುವುದಾ? ನಮ್ಮ ಹಟ್ಟಿಯ ಹಿಂದೆ ಸಾರಣೆ ನೀರು ಹೋಗುವಲ್ಲಿ ತುಂಬಿಕೊಂಡಿದೆ. ಕೆಂಪು, ಹಳದಿ ಎರಡೂ ಉಂಟು. ಎರಡು ಮಳೆ ಬಿದ್ದು ಮಣ್ಣು ಸಡಿಲವಾಗಲಿ. ಗೋಣಿಚೀಲ ತನ್ನಿ, ಪೈಂಟ್ ಬಕೆಟ್ ಕೂಡ ಎರಡು ಬಿದ್ದಿದೆ, ಅದನ್ನೂ ಕೊಂಡುಹೋಗಿ.


ಅಳಿವೆ ಬಾಯಿ · ಮೇ 26

ಅಮ್ಮನಿಗೆ ಬೋರ್ಡು ಓದಿ ಹೇಳಿದೆ. ಜೊಂಡು ಎಲ್ಲಿದೆ ಅಂತ ಅವಳಿಗೆ ಗೊತ್ತು. ನಾಡಿದ್ದು ಇಳಿತ ಬೆಳಗ್ಗೆ ಬರುತ್ತದೆ, ಒಂದು ಕಟ್ಟು ತಂದು ನಿಮ್ಮ ಗೋಡೆಯ ಮೇಲೆ ಇಡುತ್ತಾಳಂತೆ.